ಆದೋನಿಯಲ್ಲಿ ನನ್ನ ಸುಳಿ ನೋಡಿದ ದಿನ

ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ ಒಂದು ದಿನ ಅಪ್ಪ ನನ್ನನ್ನು ಬೈಯದೆ ಎಬ್ಬಿಸಿದ. ನನಗೆ ಅನುಮಾನ ಹತ್ತಿದ್ದು ಅಲ್ಲಿಂದಲೇ. ದಿನಾ ಬೆಳಗ್ಗೆ "ಏಳಲೇ ಕತ್ತಿ" ಅಂತ ಕತ್ತೆಯ ಹೆಸರಿಟ್ಟು ಕೂಗುವ ಮನುಷ್ಯ ಅವತ್ತು ಪಕ್ಕದಲ್ಲಿ ಕೂತು, ಬೆನ್ನು ಸವರಿ, "ಏಳಪ್ಪ, ಇವತ್ತು ಆದೋನಿ ನೋಡಾಕ ಹೋಗೂಣು" ಅಂದ. ನಮ್ಮೂರು ಕೌತಾಳಂ ಹತ್ತಿರದ ಸಣ್ಣ ಹಳ್ಳಿ. ಆದೋನಿಯನ್ನು ನಾನು ಕಂಡೇ ಇರಲಿಲ್ಲ. ಕುಣಿದಾಡಬೇಕಿತ್ತು ನಿಜ. ಆದರೆ ಹತ್ತಿ ಬಿಡಿಸುವ ದಿನಗಳಲ್ಲಿ ಹೊಲ ಬಿಟ್ಟು ಕದಲದ ಅಪ್ಪ, ಊರು ನೋಡಲು ಹೊರಡುವುದೆಂದರೇನು?

ಅವ್ವ ನನ್ನ ತಲೆಗೆ ಎಣ್ಣೆ ಹಚ್ಚಿ ಎರಡೆರಡು ಸಲ ಬಾಚಿದಳು. ಹಬ್ಬಕ್ಕೆಂದು ಹೊಲಿಸಿಟ್ಟಿದ್ದ ಅಂಗಿ ತೊಡಿಸಿದಳು. ಅವಳ ಕಣ್ಣು ಕೆಂಪಗಿದ್ದವು. ಯಾಕವ್ವ ಅಂದರೆ "ಒಲಿ ಹೊಗಿ ಬಡೀತು" ಅಂದಳು. ಒಲೆ ಇನ್ನೂ ಹಚ್ಚಿಯೇ ಇರಲಿಲ್ಲ! ನಾವು ನಾಲ್ವರು ಗಂಡುಮಕ್ಕಳು, ಒಬ್ಬಳೇ ಅಕ್ಕ. ನಾನು ಹುಡುಗರಲ್ಲಿ ಮೂರನೆಯವನು. ಹೊರಟಿದ್ದು ಮಾತ್ರ ಅಪ್ಪ, ಅಕ್ಕ ಮತ್ತು ನಾನು. ಅಕ್ಕನಿಗೆ ಆಗ ಹದಿನಾಲ್ಕು. ಅವಳು ಸೀರೆ ಉಟ್ಟು, ಹೂ ಮುಡಿದು, ನೆಲ ನೋಡುತ್ತಾ ನಿಂತಿದ್ದಳು. ಓಹೋ, ಅಕ್ಕನನ್ನು ಯಾರಿಗೋ ತೋರಿಸಲು ಒಯ್ಯುತ್ತಿದ್ದಾರೆ ಅಂದುಕೊಂಡೆ. ರಾತ್ರಿ ನನಗೆ ಕಥೆ ಹೇಳುವವಳು ಅವಳೊಬ್ಬಳೇ. ಅವಳನ್ನು ಯಾರಿಗೂ ಕೊಡಲು ಬಿಡುವುದಿಲ್ಲ ಅಂತ ಮನಸ್ಸಿನಲ್ಲೇ ಹಟ ಹಿಡಿದೆ.

ಅದು ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲು ಸಿಗುತ್ತಿರಲಿಲ್ಲ, ಬಸ್ಸುಗಳು ಇದ್ದಲಿನ ಹೊಗೆಯಿಂದ ಓಡುತ್ತಿದ್ದವು. ಬಸ್ಸಿನ ಹಿಂದೆ ಒಂದು ದೊಡ್ಡ ಒಲೆ, ಅದಕ್ಕೆ ಗಾಳಿ ಹಾಕಲು ತಿರುಗಿಸುವ ಹಿಡಿಕೆ. ಏರು ಬಂದಲ್ಲಿ ಎಲ್ಲರೂ ಇಳಿದು ನೂಕಬೇಕು. ಆದೋನಿ ತಲುಪುವ ಹೊತ್ತಿಗೆ ನನ್ನ ಹೊಸ ಅಂಗಿಯ ಮೇಲೆಲ್ಲ ಮಸಿ. ಅಪ್ಪ ಬೈಯಲಿಲ್ಲ. ತನ್ನ ಹೆಗಲ ಮೇಲಿನ ವಲ್ಲಿಯಿಂದ ಒರೆಸಿದ. ಎಲಾ ಇವನ, ಇದೇನೋ ಭಾರಿ ಸಂಗತಿಯೇ ಇರಬೇಕು ಅನ್ನಿಸಿತು.

ಬಸ್ಸಿಳಿದ ಕಡೆ ಕರಿ ಟೊಪ್ಪಿಗೆಯ ಸಾಹುಕಾರನೊಬ್ಬ ಜಟಕಾ ನಿಲ್ಲಿಸಿಕೊಂಡು ಕಾಯುತ್ತಿದ್ದ. ಹತ್ತಿ ವ್ಯಾಪಾರ ಮಾಡುವವನಂತೆ, ಅಪ್ಪನಿಗೆ ದೂರದ ಅಣ್ಣನಾಗಬೇಕಂತೆ. ಅಲ್ಲಿಯವರೆಗೆ ಈ ಅಣ್ಣ ಎಲ್ಲಿದ್ದನೋ! ಗಂಡಿನ ಕಡೆಗೆ ಮಾತಾಡುವವನು ಇವನೇ ಇರಬೇಕು ಅಂದುಕೊಂಡು ನಾನು ಅವನ ಪಕ್ಕದಲ್ಲೇ ಕೂತು, ಗುಟ್ಟಾಗಿ ಹೇಳುವವನಂತೆ, "ನಮ್ಮಕ್ಕ ರೊಟ್ಟಿ ಕರಕಲು ಮಾಡ್ತಾಳ್ರೀ. ಸಿಟ್ಟು ಬಂದ್ರ ಪಾತ್ರಿ ಒಗೀತಾಳ" ಅಂದೆ. ಎಲ್ಲಾ ಸುಳ್ಳು. ಅವನು ಹೊಟ್ಟೆ ಹಿಡಿದು ನಕ್ಕು, "ಅದಿರ್ಲಿ, ನಿನಗ ಮಗ್ಗಿ ಎಷ್ಟರ ತನಕ ಬರ್ತೈತಿ?" ಅಂತ ಕೇಳಿದ. ಹೆಣ್ಣು ನೋಡುವವನಿಗೆ ನನ್ನ ಮಗ್ಗಿ ಯಾಕೆ ಬೇಕು? ಹದಿಮೂರರ ತನಕ ಒಪ್ಪಿಸಿದೆ. ಅವನು ಅಪ್ಪನ ಕಡೆ ನೋಡಿ ತಲೆ ಆಡಿಸಿದ.

ಊರು ಚೆಂದವೇ ಇತ್ತು, ಸುಳ್ಳು ಯಾಕೆ ಹೇಳಲಿ. ಹತ್ತಿ ಫ್ಯಾಕ್ಟರಿ ಮುಂದೆ ನಮ್ಮ ಮನೆಗಿಂತ ಎತ್ತರದ ಹತ್ತಿಯ ಗುಡ್ಡೆಗಳು. ಗಾಳಿ ತುಂಬ ಹತ್ತಿಯ ಎಳೆ ಹಾರಾಡಿ ಕುದುರೆಯ ಕಿವಿಗೂ ಅಕ್ಕನ ಹೂವಿಗೂ ಅಂಟುತ್ತಿತ್ತು. ಸ್ಟೇಷನ್ನಿನಲ್ಲಿ ನಿಂತು ಮದ್ರಾಸಿನ ರೈಲು ನೋಡಿದೆವು. ಕೋಟೆ ಗುಡ್ಡದ ಬುಡದಲ್ಲಿ ಸುಟ್ಟ ಕಡಲೆಕಾಯಿ ತಿಂದೆವು. ಆಮೇಲೆ ಹೋಟೆಲ್ಲು. ಕಲ್ಲಿನ ಹಾಸಿನ ಮೇಜು, ಗೋಡೆಗೆ ಆಳೆತ್ತರದ ಕನ್ನಡಿ, ತುಪ್ಪದ ವಾಸನೆ. ಜೋಳದ ರೊಟ್ಟಿ, ಪುಂಡಿಪಲ್ಯ ತಿಂದು ಬೆಳೆದವನ ಮುಂದೆ ತೂತು ತೂತಾದ ಬಿಸಿ ದೋಸೆ ಬಂತು. ಸಾಹುಕಾರ ಇನ್ನೊಂದು ತರಿಸಿದ, ಮತ್ತೊಂದು ತರಿಸಿದ. ಮೂರನೆಯದಕ್ಕೆ ನಾನು ಕೈ ಹಿಂದೆ ತೆಗೆದೆ. ಎದುರಿಗಿದ್ದ ಅಕ್ಕ ಒಂದು ತುತ್ತೂ ಮುಟ್ಟಿರಲಿಲ್ಲ. ಅಪ್ಪನೂ ಅಷ್ಟೇ. ತಿನ್ನುತ್ತಿದ್ದವನು ನಾನೊಬ್ಬನೇ.

ಮಧ್ಯಾಹ್ನ ಸಾಹುಕಾರನ ಮನೆಗೆ ಹೋದೆವು. ದೊಡ್ಡ ಪಡಸಾಲೆ, ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಒಂದು ಮಗುವಿನ ಸದ್ದಿಲ್ಲ. ಸಾಹುಕಾರನ ಹೆಂಡತಿ ಬಂದಳು. ಅಪ್ಪ "ನಿಮ್ಮ ದೊಡ್ಡವ್ವ" ಅಂದ. ನಾನು ಅಕ್ಕನಿಗೆ ಅಡ್ಡವಾಗಿ ನಿಂತೆ. ಆದರೆ ದೊಡ್ಡವ್ವ ಅಕ್ಕನ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಮುಂದೆ ಮಂಡಿಯೂರಿ, "ರಾ ನಾಯನಾ, ಬಾ" ಅಂತ ಅರ್ಧ ತೆಲುಗಿನಲ್ಲಿ ಕರೆದು, ಬೆರಳಿನಿಂದ ನನ್ನ ನೆತ್ತಿಯ ಕೂದಲು ಬಿಡಿಸಿ ನೋಡಿದಳು. "ಒಂದೇ ಸುಳಿ ಐತ್ರಿ. ಛಲೋ ಐತಿ" ಅಂದಳು ಗಂಡನಿಗೆ.

ಸುಳಿ! ಸಂತೆಯಲ್ಲಿ ಎತ್ತು ಕೊಳ್ಳುವಾಗ ಅಪ್ಪ ಸುಳಿ ನೋಡುತ್ತಿದ್ದುದು ನನಗೆ ಗೊತ್ತಿತ್ತು. ಮನೆಗೆ ಒಯ್ಯುವುದಾದರೆ ಮಾತ್ರ ಸುಳಿ ನೋಡುತ್ತಾರೆ. ಬೆಳಗಿನಿಂದ ನಡೆದದ್ದೆಲ್ಲ ಒಮ್ಮೆಲೇ ತಿಳಿಯಿತು. ಅವರಿಗೆ ಮಕ್ಕಳಿಲ್ಲ. ನಮ್ಮಪ್ಪನಿಗೆ ನಾಲ್ವರು. ಬಂದದ್ದು ಅಕ್ಕನನ್ನು ತೋರಿಸಲು ಅಲ್ಲ, ನನ್ನನ್ನು ದತ್ತು ಕೊಡಲು. ಅಕ್ಕ ಜೊತೆಗೆ ಬಂದದ್ದು ನಾನು ದಾರಿಯಲ್ಲಿ ಅಳದಿರಲಿ ಅಂತ.

ದೊಡ್ಡವ್ವ ಚಾಪೆಯ ಮೇಲೆ ಕೂತು ಸೆರಗನ್ನು ಉಡಿಯ ತುಂಬ ಹರಡಿದಳು. ನಮ್ಮ ಮಂದಿಯಲ್ಲಿ ದತ್ತು ತೆಗೆದುಕೊಳ್ಳುವಾಗ ಹೀಗೆ. ಮಗು ತಾನೇ ನಡೆದುಹೋಗಿ ಆ ಉಡಿಯಲ್ಲಿ ಕೂಡಬೇಕು. ಯಾರೂ ನೂಕುವಂತಿಲ್ಲ, ಎಳೆಯುವಂತಿಲ್ಲ. ಕೂತರೆ ಮುಗಿಯಿತು, ಮಾರನೆಯ ದಿನ ಅಯ್ಯನವರು ಬಂದು ಶಾಸ್ತ್ರ ಮಾಡುತ್ತಾರೆ. ನಮ್ಮ ಓಣಿಯ ಹುಡುಗನೊಬ್ಬ ಹಾಗೆ ಹೋದವನು, ಆಮೇಲೆ ಹಬ್ಬಕ್ಕೆ ಬಂದಾಗ ಹೆತ್ತವ್ವನನ್ನೇ ಚಿಕ್ಕಮ್ಮನನ್ನು ಕರೆದಂತೆ 'ಚಿಗವ್ವ' ಅಂತ ಕರೆದಿದ್ದ.

"ಹೋಗಪ್ಪ," ಅಂದ ಅಪ್ಪ. "ಇಲ್ಲಿ ದೊಡ್ಡ ಸಾಲಿ ಐತಿ. ಓದಿ ಶಾಣ್ಯಾ ಆಗ್ತೀ."

"ಸಂಜಿ ಬಸ್ಸಿಗೆ ನಾನೂ ಬರ್ತೀನೇನು?" ಅಂತ ಕೇಳಿದೆ.

ಅಪ್ಪ ಗೋಡೆ ನೋಡಿದ. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದಳು. ನಾನು ಕಂಬ ತಬ್ಬಿ ನಿಂತೆ. ದೊಡ್ಡವ್ವ ಮಾತ್ರ ಉಡಿ ಒಡ್ಡಿಕೊಂಡೇ ಕೂತಿದ್ದಳು. ನನ್ನನ್ನು ನೋಡಿ ಒಮ್ಮೆ ನಕ್ಕಳು. ಆಮೇಲೆ ಆ ನಗು ಸಣ್ಣಗೆ ನಡುಗಿತು.

ಕೊನೆಗೆ ಅವಳೇ ಸೆರಗು ಕೊಡವಿ ಎದ್ದಳು. "ಹೇಳದ ಕೇಳದ ಕರ್ಕೊಂಡು ಬಂದೀರೇನು?" ಅಂತ ಅಪ್ಪನನ್ನು ಗದರಿದಳು. "ದೋಸಿ ತಿನಿಸಿ, ರೈಲು ತೋರಿಸಿ ಕೂಸಿನ ಮನಸು ತಿರುವಾಕ ಆಗ್ತೈತೇನು? ಕಳ್ಳರ ಕೈಗೆ ಸಿಕ್ಕಂಗ ನಿಂತೈತಿ ನೋಡ್ರಿ. ಒಲ್ಲೆ, ಇಂಥ ಪಾಪ ನಾ ಒಲ್ಲೆ. ಮನಿಗೆ ಒಯ್ರಿ ಅವನ್ನ."

ಹೊರಡುವಾಗ ಅವಳು ನನಗೆಂದು ಮಾಡಿಟ್ಟಿದ್ದ ಬುಂದಿ ಉಂಡೆಗಳನ್ನು ಎಲೆಯಲ್ಲಿ ಕಟ್ಟಿ ಕೊಡಲು ಬಂದಳು. ನಾನು ಕೈ ಚಾಚಲಿಲ್ಲ. ಇದರಲ್ಲೂ ಏನೋ ಇದೆ ಅನ್ನುವ ಗುಮಾನಿ. ಅವಳು ಅದನ್ನು ಅಕ್ಕನ ಕೈಗೆ ಕೊಟ್ಟು ಒಳಗೆ ಹೋಗಿಬಿಟ್ಟಳು. ಬಸ್ಸಿನಲ್ಲಿ ಅಪ್ಪ ನನ್ನನ್ನು ಅವುಚಿಕೊಂಡು ಕೂತಿದ್ದ. ಅಪ್ಪನದು ಮೋಸ ಅಂತ ಈಗ ನಾನು ಹೇಳಲಾರೆ, ಮಗ ಓದಲಿ ಅನ್ನುವ ಆಸೆ ಅದು. ಆದರೆ ಆ ದಿನವೆಲ್ಲ ನನಗೆ ಒಂದೂ ಮುಚ್ಚಿಡದವಳು ದೊಡ್ಡವ್ವ ಒಬ್ಬಳೇ. ಅವಳ ಕೈಯ ಉಂಡೆಯನ್ನೇ ಬೇಡವೆಂದೆನಲ್ಲ, ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಈಗ ನಿಮ್ಮನ್ನು ನೋಡಿ! ಆದೋನಿಗೆ ಹೋಗೋಣ ಅಂದರೆ ಸಾಕು, ಚಪ್ಪಲಿ ಮರೆತು ಆಟೋ ಹತ್ತುತ್ತೀರಿ. ನಾನು ಮಾತ್ರ ಹೊಸ್ತಿಲಲ್ಲೇ ನಿಮ್ಮನ್ನು ತಡೆದು, ಎಲ್ಲಿಗೆ ಹೋಗುತ್ತೇವೆ, ಯಾರ ಮನೆಯಲ್ಲಿ ಊಟ, ಎಷ್ಟು ಹೊತ್ತಿಗೆ ಹಿಂದಿರುಗುತ್ತೇವೆ ಅಂತ ಒಂದೂ ಬಿಡದೆ ಹೇಳುತ್ತೇನೆ. "ಅಜ್ಜ, ಸಾಕು, ಬೋರು" ಅಂತ ಕಿರುಚುತ್ತೀರಿ. ಕಿರುಚಿರಿ, ನನಗೇನೂ ಬೇಜಾರಿಲ್ಲ. ಐಸ್‌ಕ್ರೀಮು ಯಾವುದು, ಕಿಟಕಿ ಪಕ್ಕ ಯಾರು ಅಂತ ದಾರಿಯುದ್ದಕ್ಕೂ ನೂರು ಪ್ರಶ್ನೆ ಕೇಳುತ್ತೀರಿ. ವಾಪಸ್ ಮನೆಗೆ ನಾನೂ ಬರ್ತೀನಾ ಅಂತ ನಿಮ್ಮಲ್ಲಿ ಒಬ್ಬರೂ ಇಲ್ಲಿಯವರೆಗೆ ಕೇಳಿಲ್ಲ.