ಮೊರದ ಜೋಳ ಬಂದ ಮೇಲೆ

ದುಂಡವ್ವನ ಹಟ ಕೇಳಿ ಮುಂಬೈಯಿಂದ ಬಂದಿದ್ದ ರೆಕಾರ್ಡು ಕಂಪನಿಯ ಸಾಹೇಬರು ಹಣೆ ಚಚ್ಚಿಕೊಂಡರು. ಮೂವತ್ತು ವರ್ಷ ನಾಟಕ ಕಂಪನಿಯಲ್ಲಿ ನಾಯಕಿಯಾಗಿ ಮೆರೆದವಳು, ಗೋಕಾಕದ ಚಹಾದಂಗಡಿಗಳಲ್ಲಿ ಇವತ್ತಿಗೂ ಯಾರ ರಂಗಗೀತೆ ತಿರುಗುತ್ತಿತ್ತೋ ಅವಳು, ಈ ಸಲ ಹಾರ್ಮೋನಿಯಂ ಬೇಡ, ತಬಲಾ ಬೇಡ, ಅವ್ವನ ಚೌಡಿಕೆ ಪದ ಹಾಡುತ್ತೇನೆ ಅಂದಿದ್ದಳು.

ಅವಳ ಅವ್ವ ಉದ್ದವ್ವ ಚೌಡಿಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ತಂತಿ ಮೀಟುತ್ತ, ಕೌಜಲಗಿಯ ಮನೆಮನೆಯ ಮುಂದೆ ಎಲ್ಲಮ್ಮನ ಪದ ಹಾಡಿ ಜೋಳ ತರುತ್ತಿದ್ದಳು. ಆ ಜೋಳಕ್ಕೆ ಸೆರಗೊಡ್ಡಿ ನಿಲ್ಲುವುದು ದುಂಡವ್ವನಿಗೆ ಸತ್ತಷ್ಟು ನಾಚಿಕೆ. ಇನ್ನು ಯಾರ ಮುಂದೂ ಸೆರಗೊಡ್ಡುವುದಿಲ್ಲ ಎಂದು ಆಣೆ ಮಾಡಿಯೇ ಹದಿನಾರಕ್ಕೆ ಮನೆ ಬಿಟ್ಟು ನಾಟಕ ಸೇರಿದ್ದಳು. ಹೋದ ವರ್ಷ ಅವ್ವ ತೀರಿಕೊಂಡಾಗ ತಂಗಿ ಸುಂದ್ರವ್ವ ಹೆಣದ ಮುಂದೆ ಕೂತು ಅದೇ ಚೌಡಿಕೆ ಪದ ಹಾಡಿದಳಲ್ಲ, ಅಂದಿನಿಂದ ದುಂಡವ್ವನಿಗೆ ತನ್ನ ರಂಗಗೀತೆಗಳೆಲ್ಲ ಸಪ್ಪೆ ಸಪ್ಪೆ.

ಹಾಗಾಗಿ ಸ್ವಾತಂತ್ರ್ಯ ಬಂದ ಆರನೆಯ ವರ್ಷ, ಸಂಕೇಶ್ವರದ ವ್ಯಾಪಾರಿ ಆಬಾಸಾಹೇಬರ ಮಾಳಿಗೆಯಲ್ಲಿ ಯಂತ್ರ ಸಜ್ಜಾಯಿತು. ಸುಂದ್ರವ್ವ ಅವ್ವನ ಚೌಡಿಕೆ ಹಿಡಿದು ಬಂದಿದ್ದಳು. ಕಂಪನಿಯ ಸಾಹೇಬರ ಬಳಿ ಇದ್ದವು ಮೂರೇ ಖಾಲಿ ರೆಕಾರ್ಡು ಪ್ಲೇಟು; ಒಂದರಲ್ಲಿ ಮೂರು ನಿಮಿಷದ ಹಾಡು ಹಿಡಿಯುತ್ತಿತ್ತು. ಮೂರೂ ಕೆಟ್ಟರೆ ದುಂಡವ್ವನ ಹಳೆಯ ರಂಗಗೀತೆಯನ್ನೇ ಮತ್ತೆ ಅಚ್ಚು ಹಾಕುವುದಾಗಿ ಅವರು ಮೊದಲೇ ಹೇಳಿಬಿಟ್ಟರು.

ಚೌಡಿಕೆ ನುಡಿಯಿತು. ದುಂಡವ್ವ ದನಿ ಎತ್ತಿದಳು. ಅಬ್ಬಾ, ಆ ದನಿ! ಪೌಡರು ತೊಳೆದ ಮುಖದಂತೆ ಬರೀ ದನಿ. ಸಾಹೇಬರೂ ತಲೆದೂಗತೊಡಗಿದರು. ಮೂರು ನಿಮಿಷ ಮುಗಿಯಿತು ಎಂದು ಅವರು ಕೈ ಎತ್ತಿದರು. ಹಾಡು ಎಲ್ಲಿ ನಿಲ್ಲಬೇಕು? ನುಡಿಯಿಂದ ನುಡಿ ಹುಟ್ಟಿ ಹರಿಯುತ್ತಲೇ ಇತ್ತು. ಮೊದಲ ಪ್ಲೇಟು ಹೋಯಿತು.

ಎರಡನೆಯದಕ್ಕೆ ಸಾಹೇಬರು ಕೈ ಎತ್ತಿದ ಕೂಡಲೇ ದುಂಡವ್ವ ಗಕ್ಕನೆ ನಿಲ್ಲಿಸಿದಳು. ಕೇಳಿಸಿ ನೋಡಿದರೆ ಯಾರೋ ಅವಳ ಬಾಯಿ ಮುಚ್ಚಿದ ಹಾಗಿತ್ತು. ಈ ಪದಕ್ಕೆ ಕೊನೆ ಯಾವುದು ಎಂದು ಸಾಹೇಬರು ಕೇಳಿದರು. ದುಂಡವ್ವ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು.

ಸುಂದ್ರವ್ವನೇ ಬಾಯಿ ಬಿಟ್ಟಳು. "ಜ್ವಾಳ ತರಸ್ರಿ. ಪದ ತಾನ ನಿಂದರತೈತಿ."

ಅದೇ ನಿಜ. ಮನೆಯವಳು ಮೊರದಲ್ಲಿ ಜೋಳ ತರುವವರೆಗೆ ಅವ್ವ ಹಾಡುತ್ತಿದ್ದಳು. ಜೋಳ ಸೆರಗಿಗೆ ಬಿದ್ದ ಮೇಲೆ ಹರಸಿ ಮುಗಿಸುತ್ತಿದ್ದಳು. ಆಬಾಸಾಹೇಬರ ಹೆಂಡತಿ ಲಕ್ಷ್ಮೀಬಾಯಿ ನಗುತ್ತ ಮೊರ ತುಂಬಿಕೊಂಡು ಬಂದು ಬಾಗಿಲಲ್ಲಿ ನಿಂತರು. ಸುಂದ್ರವ್ವನ ಎರಡೂ ಕೈ ಚೌಡಿಕೆಯ ಮೇಲೆ. ಖಾಲಿ ಇದ್ದದ್ದು ದುಂಡವ್ವನ ಕೈ ಮಾತ್ರ. ರೇಷ್ಮೆ ಸೀರೆ, ಕೊರಳ ತುಂಬ ಪದಕ, ಇವನ್ನೆಲ್ಲ ತೊಟ್ಟು ಮತ್ತೆ ಸೆರಗು ಒಡ್ಡಬೇಕೆ?

ಕೊನೆಯ ಪ್ಲೇಟು ತಿರುಗತೊಡಗಿತು. ಹಾಡುತ್ತ ಹಾಡುತ್ತ ಅವಳಿಗೆ ಮಾಳಿಗೆ ಮರೆತುಹೋಯಿತು, ಕಣ್ಣ ಮುಂದೆ ಕೌಜಲಗಿಯ ಓಣಿಯೇ ಬಂತು. ಸಾಹೇಬರ ಕೈ ಮೇಲೆದ್ದಿತು, ಲಕ್ಷ್ಮೀಬಾಯಿ ಮುಂದೆ ಬಂದರು. ದುಂಡವ್ವ ಎರಡೂ ಕೈಯಿಂದ ಸೆರಗು ಅಗಲ ಮಾಡಿ ಒಡ್ಡಿದಳು. ಜೋಳ ಸರ್ರನೆ ಸುರಿಯಿತು. "ತುಂಬಿದ ಮನಿ ತುಂಬಿರಲೆವ್ವಾ" ಎಂದು ಅವ್ವನ ದನಿಯಲ್ಲೇ ಹರಸಿ ಪದ ತಾನಾಗಿ ನಿಂತಿತು. ಸೂಜಿ ಎತ್ತಿದ ಸಾಹೇಬರು ಖುಷಿಗೆ ಕುಣಿಯುವುದೊಂದು ಬಾಕಿ.

ಆಟ ಮುಗಿಯಿತೆಂದು ಲಕ್ಷ್ಮೀಬಾಯಿ ಜೋಳ ವಾಪಸು ಹಾಕಿಸಿಕೊಳ್ಳಲು ಮೊರ ಮುಂದೆ ಹಿಡಿದರು. ಅಷ್ಟು ದೊಡ್ಡ ಗಾಯಕಿಗೆ ಈ ಜೋಳ ಯಾಕೆ ಎಂದು ಅವರ ಲೆಕ್ಕ. ದುಂಡವ್ವ ಸೆರಗನ್ನು ಎದೆಗೆ ಒತ್ತಿ ಹಿಡಿದಳು.

"ಪದಾ ಹಾಡೇನ್ರಿ, ಬಾಯಾರ. ಇದು ನನ್ನ ಜ್ವಾಳ."

ಆಮೇಲೆ ತಂಗಿಯನ್ನು ಹತ್ತಿರ ಕರೆದು, ಅವ್ವ ಮಾಡುತ್ತಿದ್ದ ಹಾಗೆ, ಅರ್ಧ ಅವಳ ಉಡಿಗೆ ಸುರಿದಳು.