ಡಿಸ್ಕಿಗೆ ಹಚ್ಚಿದ ಕೊಬ್ಬರಿ ಎಣ್ಣೆ

ಹೋದ ವಾರ ಆಯುಧ ಪೂಜೆಯ ಬೆಳಿಗ್ಗೆ ನಾನು ಒಂದು ಬಟ್ಟಲು ಕೊಬ್ಬರಿ ಎಣ್ಣೆ, ಹಳೇ ಬನಿಯನ್ನಿನ ಒಂದು ತುಂಡು ಇಟ್ಟುಕೊಂಡು ಅಂಗಳದಲ್ಲಿ ಹೊಸ ಸೈಕಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದೆ. ಕತ್ತಿ, ಹಾರೆ, ಗುದ್ದಲಿ, ಈಳಿಗೆಮಣೆಗಳಿಗೆ ಆಗಲೇ ಎಣ್ಣೆ ಸವರಿ ಆಗಿತ್ತು. ಉಳಿದದ್ದು ಸೈಕಲ್. ಬಟ್ಟಲನ್ನು ನೆಲಕ್ಕಿಟ್ಟರೆ ಎಣ್ಣೆಯ ಕಲೆ ಬೀಳುತ್ತದೆ, ಹೆಂಡತಿ ಸುಮ್ಮನಿರುವುದಿಲ್ಲ. ಹಾಗಾಗಿ ಸೈಕಲ್ಲಿನ ಜೊತೆ ಬಂದಿದ್ದ ಪುಸ್ತಿಕೆಯನ್ನು ಬಟ್ಟಲಿನ ಅಡಿಗೆ ಕೊಟ್ಟಿದ್ದೆ. ಸಾಗರದಿಂದ ಈ ಡಿಸ್ಕ್ ಬ್ರೇಕಿನ ಸೈಕಲ್ ತಂದು ತಿಂಗಳಾಗಿದ್ದರೂ ಅದನ್ನು ಬಿಡಿಸಿ ನೋಡಿರಲಿಲ್ಲ. ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರ ಬರೆಯಿರಿ ಎಂದು ಮೂವತ್ತು ವರ್ಷ ಮಕ್ಕಳ ತಲೆ ತಿಂದ ಮೇಷ್ಟ್ರು ನಾನು. ಆದರೆ ಸೈಕಲ್ ಹೊಡೆಯುವುದನ್ನು ಓದಿ ಕಲಿತವರು ಯಾರಿದ್ದಾರೆ, ನೀವೇ ಹೇಳಿ.

ಬಟ್ಟೆಯನ್ನು ಎಣ್ಣೆಗೆ ಅದ್ದಲು ಬಟ್ಟಲು ಎತ್ತಿದೆ. ಗಾಳಿಗೆ ಪುಸ್ತಿಕೆಯ ಹಾಳೆ ಮಗುಚಿತು. ಅಲ್ಲೊಂದು ಚಿತ್ರವಿತ್ತು. ಚಕ್ರದ ನಡುವೆ ಬ್ರೇಕ್ ಕಚ್ಚಿ ಹಿಡಿಯುವ ಉಕ್ಕಿನ ತಟ್ಟೆ, ಅಂದರೆ ಡಿಸ್ಕು, ಅದರ ಮೇಲೆ ಎಣ್ಣೆ ಸುರಿಯುವ ಒಂದು ಡಬ್ಬಿ, ಎರಡರ ಮೇಲೂ ಅಡ್ಡಡ್ಡ ಎಳೆದ ಕೆಂಪು ಗೀಟು. ಇಲ್ಲಿ ಎಣ್ಣೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ, ಜೀವಕ್ಕೆ ಅಪಾಯ ಎಂದು ಕೆಳಗೆ ಇಂಗ್ಲಿಷಿನಲ್ಲಿ ಬರೆದಿತ್ತು.

ನನ್ನ ಎದೆ ಧಸಕ್ಕೆಂದಿತು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಹಚ್ಚಿಬಿಡುತ್ತಿದ್ದೆನಲ್ಲ ಎಂದಲ್ಲ. ಎಂಟು ವರ್ಷದ ಹಿಂದೆ ಇದೇ ಹಬ್ಬದ ದಿನ, ಇದೇ ಅಂಗಳದಲ್ಲಿ, ಇನ್ನೊಬ್ಬನ ಸೈಕಲ್ಲಿಗೆ ಹಚ್ಚಿದ್ದೆನಲ್ಲ ಎಂದು.

ಆ ಇನ್ನೊಬ್ಬ ನನ್ನ ಹೆಂಡತಿಯ ಅಣ್ಣ, ಮೇಳಿಗೆಯವನು. ನನಗೆ ಅವನು ಭಾವ, ಅವನಿಗೆ ನಾನು ಭಾವ. ನಡುವೆ ಇದ್ದ ಬಹುವಚನ ಮದುವೆಯಾದ ಮೂರನೇ ವರ್ಷಕ್ಕೇ ಉದುರಿಹೋಗಿತ್ತು. ಇಬ್ಬರಿಗೂ ನಲವತ್ತೈದು ದಾಟಿದಾಗ ಡಾಕ್ಟರು ಒಂದೇ ಮಾತು ಹೇಳಿದ್ದರು, ಮೈ ಬಗ್ಗಿಸಿ ಎಂದು. ನಡೆಯುವುದು ಬೇಜಾರು, ಓಡುವುದು ನಾಚಿಕೆ. ಹೀಗೆ ನಾವು ಬೆಟ್ಟದ ಸೈಕಲ್ಲಿಗೆ ಬಂದೆವು. ನಾನು ಕೊಂಡದ್ದು ರಬ್ಬರ್ ಕಟ್ಟೆ ರಿಮ್ಮನ್ನು ಒತ್ತಿ ಹಿಡಿಯುವ ಸಾದಾ ಬ್ರೇಕಿನದು. ಭಾವನಿಗೆ ಯಾವುದೂ ಅರೆಬರೆ ಆಗುವುದಿಲ್ಲ. ಮುಂದಿನ ಫೋರ್ಕಿಗೆ ಸ್ಪ್ರಿಂಗು, ಇಪ್ಪತ್ತೊಂದು ಗೇರು, ಹಲ್ಲು ಹಲ್ಲಿನ ದಪ್ಪ ಟಯರು, ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕು. ನಮ್ಮ ಹೊಸನಗರದಲ್ಲಿ ಅಂಥದ್ದು ಅದೇ ಮೊದಲು ಇರಬೇಕು. ಸಾಲದ್ದಕ್ಕೆ ಕೂರುವ ಜಾಗಕ್ಕೆ ಮೆತ್ತೆ ಇಟ್ಟು ಹೊಲಿದ ಚಡ್ಡಿ ನನಗೂ ಒಂದು ತಂದ. ಅದನ್ನು ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಮುಂದೆ ಹೋದ ದಿನ ನನ್ನ ಹಳೇ ವಿದ್ಯಾರ್ಥಿಯೊಬ್ಬ ಎದ್ದು ನಿಂತು ನಮಸ್ಕಾರ ಮಾಡಿ, ಆಮೇಲೆ ಬೇರೆ ಕಡೆ ತಿರುಗಿಕೊಂಡ. ಭಾವನ ಹೆಲ್ಮೆಟ್ಟನ್ನು ನಾನು ಹಲಸಿನಕಾಯಿ ಎಂದು ಕರೆಯುತ್ತಿದ್ದೆ.

ಭಾವ ತನ್ನ ಸೈಕಲ್ಲನ್ನು ನಮ್ಮ ಮನೆಯಲ್ಲೇ ಬಿಟ್ಟಿರುತ್ತಿದ್ದ. ಶನಿವಾರ ಬಸ್ಸಿಗೆ ಬಂದರೆ ಭಾನುವಾರ ಬೆಳಿಗ್ಗೆ ಸವಾರಿ. ಒಮ್ಮೆ ಸೈಕಲ್ಲುಗಳನ್ನು ಲಾಂಚಿಗೆ ಹತ್ತಿಸಿ ತುಮರಿಗೂ ಹೋಗಿದ್ದೆವು. ಈಗ ಸೇತುವೆ ಆಗಿದೆ, ಆಗ ಹಿನ್ನೀರು ದಾಟಲು ಲಾಂಚೇ ಗತಿ. ಜೀಪಿಗೂ ಮೀನಿನ ಬುಟ್ಟಿಗೂ ನಡುವೆ ನಮ್ಮ ಸೈಕಲ್ ಹಿಡಿದುಕೊಂಡು ನಿಂತಿದ್ದಾಗ ಭಾವನ ಮುಖದಲ್ಲಿದ್ದ ಸಂತೋಷವನ್ನು ಅವನ ಮದುವೆಯಲ್ಲೂ ನಾನು ನೋಡಿರಲಿಲ್ಲ.

ನಮ್ಮ ಸೈಕಲ್ಲುಗಳ ವೈದ್ಯ ತಿಮ್ಮಪ್ಪಣ್ಣ. ಪೇಟೆಯ ಇಳಿಜಾರಿನ ತಲೆಯಲ್ಲಿ, ಚಹಾದಂಗಡಿಯ ಪಕ್ಕ ಅವನ ಅಂಗಡಿ. ಚಕ್ರವನ್ನು ತಿರುಗಿಸಿ ಬಿಟ್ಟು ಕಣ್ಣು ಮುಚ್ಚಿ ಕೇಳಿಯೇ ಯಾವ ಕಡ್ಡಿ ಸಡಿಲ ಎಂದು ಹೇಳುತ್ತಿದ್ದ. ಆ ವರ್ಷ ಹಬ್ಬಕ್ಕೆ ಎರಡು ದಿನ ಮೊದಲು ಭಾವನ ಡಿಸ್ಕ್ ಬ್ರೇಕಿನ ಕೇಬಲ್ ಎಳೆದು, ಬೋಲ್ಟು ಬಿಗಿ ಮಾಡಿಕೊಟ್ಟವನು ಅವನೇ. ಡಿಸ್ಕಿಗೆ ಕೈ ಹಾಕುತ್ತಿರುವುದು ಇದೇ ಮೊದಲು ಎಂದು ಮುಚ್ಚುಮರೆ ಇಲ್ಲದೆ ಹೇಳಿದ್ದ.

ಆಯುಧ ಪೂಜೆಗೆ ನಮ್ಮ ಕಡೆ ಮನೆಯ ಕಬ್ಬಿಣಕ್ಕೆಲ್ಲ ಎಣ್ಣೆ ಕಾಣಿಸಬೇಕು. ಮಳೆಗಾಲ ಮುಗಿಯುವ ಹೊತ್ತು, ತುಕ್ಕು ಬಾಯಿ ತೆರೆದುಕೊಂಡೇ ಇರುತ್ತದೆ. ಅಪ್ಪ ಬಾಗಿಲಿನ ಚಿಲಕವನ್ನೂ ಬಿಡುತ್ತಿರಲಿಲ್ಲ. ಅಂದು ನಾನು ಎರಡೂ ಸೈಕಲ್ ತೊಳೆದೆ. ನನ್ನದರ ರಿಮ್ಮು ಅಲ್ಯೂಮಿನಿಯಮ್ಮು, ತುಕ್ಕು ಹಿಡಿಯುವುದಿಲ್ಲ, ಬಿಟ್ಟೆ. ಭಾವನದರಲ್ಲಿ ಉಕ್ಕಿನ ಎರಡು ತಟ್ಟೆ ಥಳಥಳ ಹೊಳೆಯುತ್ತಿದ್ದವು. ಪರರ ವಸ್ತುವನ್ನು ಪ್ರೀತಿಯಿಂದ ನೋಡಿಕೊಳ್ಳಬೇಕಲ್ಲ. ಎರಡೂ ಮೈಗೆ ಉಜ್ಜಿ ಉಜ್ಜಿ ಎಣ್ಣೆ ಹಚ್ಚಿದೆ. ತಟ್ಟೆಯಲ್ಲಿ ಸಣ್ಣ ಸಣ್ಣ ತೂತುಗಳಿದ್ದವು. ಅದರೊಳಗೆ ಬಟ್ಟೆ ಹೋಗಲಿಲ್ಲವೆಂದು ದೀಪದ ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ ತುರುಕಿದೆ. ನಾನು ವಿಜ್ಞಾನದ ಮೇಷ್ಟ್ರು. ಎಣ್ಣೆಯಿಂದ ಘರ್ಷಣೆ ಕಡಿಮೆಯಾಗುತ್ತದೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದವನು. ಆದರೆ ಹಬ್ಬದ ದಿನ ಅಂಗಳದಲ್ಲಿ ಕೂತಿದ್ದವನು ಮೇಷ್ಟ್ರಲ್ಲ, ಅಪ್ಪನ ಮಗ.

ಮಾರನೆ ದಿನ ವಿಜಯದಶಮಿ. ಹಿಂದಿನ ರಾತ್ರಿ ಬಸ್ಸಿಗೆ ಬಂದಿದ್ದ ಭಾವನೂ ನಾನೂ ಬೆಳಿಗ್ಗೆಯೇ ಹುಂಚದ ಕಡೆಗೆ ಹೊರಟೆವು. ಮೊದಲ ಸಣ್ಣ ಇಳಿಜಾರಿನಲ್ಲೇ ಭಾವ ಹಿಂತಿರುಗಿ ನೋಡಿ ಹೇಳಿದ.

"ಬ್ರೇಕ್ ಯಾಕೋ ಜಾರ್ತದೆ ಮಾರಾಯ."

"ನಿನ್ನೆ ತೊಳ್ದಿದ್ನಲ್ಲ, ನೀರಿರ್ಬೇಕು. ಒಣಗ್ತದೆ, ನಡಿ" ಎಂದೆ.

ದೊಡ್ಡ ಇಳಿಜಾರು ಬಂದಾಗ ಅವನು ಮುಂದಿದ್ದ. ನಿಲ್ಲುತ್ತಾನೆ, ಈಗ ನಿಲ್ಲುತ್ತಾನೆ ಎಂದು ನೋಡುತ್ತಿದ್ದೆ. ನಿಲ್ಲಲಿಲ್ಲ. ಅವನು ಕೂಗಲೂ ಇಲ್ಲ. ತಿರುವಿನಲ್ಲಿ ಮೋರಿಯ ಕಟ್ಟೆಗೆ ಬಡಿದು ಸೈಕಲ್ ಈಚೆ, ಅವನು ಆಚೆ. ನಾನು ಓಡಿಹೋಗಿ ನೋಡಿದಾಗ ಹೆಲ್ಮೆಟ್ಟು ಎರಡು ಹೋಳಾಗಿತ್ತು, ತಲೆ ಇಡಿಯಾಗಿತ್ತು. ಬಲ ಹೆಗಲು ಮಾತ್ರ ಇರಬೇಕಾದ ಜಾಗದಲ್ಲಿ ಇರಲಿಲ್ಲ. ಅಂದಿನಿಂದ ಹಲಸಿನಕಾಯಿ ಎಂಬ ಮಾತನ್ನು ನಾನು ಬಿಟ್ಟೆ.

ಇಷ್ಟಾದರೂ ಎಣ್ಣೆ ನನ್ನ ತಲೆಗೆ ಹೊಳೆಯಲಿಲ್ಲ, ದೇವರಾಣೆ. ಎಲ್ಲರಿಗೂ ಹೊಳೆದದ್ದು ಒಂದೇ ಹೆಸರು, ತಿಮ್ಮಪ್ಪಣ್ಣನದು. ಭಾವನ ತಮ್ಮ ಮುರಿದ ಸೈಕಲ್ಲನ್ನು ಪಿಕಪ್ಪಿನಲ್ಲಿ ಹಾಕಿಕೊಂಡು ಮೇಳಿಗೆಗೆ ಹೋದ, ಅದು ಅಲ್ಲಿಂದ ಗುಜರಿಗೆ ಹೋಯಿತು. ತಿಮ್ಮಪ್ಪಣ್ಣ ಅದನ್ನು ಮತ್ತೆ ನೋಡಲೇ ಇಲ್ಲ. ಹದಿನೈದು ದಿನ ಕಳೆದು ಭಾವ ಕೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ಇಟ್ಟುಕೊಂಡು ನನ್ನ ಜೊತೆ ಅಂಗಡಿಗೆ ಬಂದ. ಚಹಾ ಕುಡಿಯುವವರೆಲ್ಲ ಲೋಟ ಹಿಡಿದು ನಿಂತುಬಿಟ್ಟರು. ಬರದ ಕೆಲಸಕ್ಕೆ ಕೈ ಹಾಕಿ ಮನುಷ್ಯನ ಪ್ರಾಣ ತೆಗೆಯುತ್ತೀರಾ ಎಂದು ಭಾವ ಗಂಟಲು ಹರಿಯುವಂತೆ ಬೈದ. ತಿಮ್ಮಪ್ಪಣ್ಣ ನನ್ನ ಮುಖ ನೋಡಿದ. ಮೇಷ್ಟ್ರು ಏನಾದರೂ ಹೇಳಿಯಾರು ಎಂದಿರಬೇಕು. ಮೇಷ್ಟ್ರು ಹೇಳಿದರು.

"ಹೊಸ ತರದ್ದು ತಿಮ್ಮಪ್ಪಣ್ಣ. ನಿಮ್ಮ ಕೈಗೆ ಹೊಂದೋದಲ್ಲ ಅದು."

ಬೈಗುಳಕ್ಕೆ ತಗ್ಗದ ತಲೆ ಈ ಮಾತಿಗೆ ತಗ್ಗಿತು. ಮಾರನೆ ವಾರ ಅಂಗಡಿಯ ಮೇಲೆ ಒಂದು ಬೋರ್ಡು ಬಂತು. ಬಿಳಿ ತಗಡಿನ ಮೇಲೆ ಕೆಂಪು ಬಣ್ಣದಲ್ಲಿ ಅವನೇ ಬರೆದದ್ದು: ಇಲ್ಲಿ ಡಿಸ್ಕ್ ಸೈಕಲ್ ರಿಪೇರಿ ಇಲ್ಲ. ಬರಬರುತ್ತಾ ಊರಿನ ಹೊಸ ಸೈಕಲ್ಲುಗಳೆಲ್ಲ ಡಿಸ್ಕಿನವೇ ಆದವು. ಜನ ಸಾಗರಕ್ಕೋ ತೀರ್ಥಹಳ್ಳಿಗೋ ಹೊತ್ತುಕೊಂಡು ಹೋದರು. ಅವನಿಗೆ ಪಂಚರ್ ಉಳಿಯಿತು. ಚಕ್ರ ತಿರುಗಿಸಿ ಕಣ್ಣು ಮುಚ್ಚುವುದನ್ನು ಅವನು ಯಾವಾಗ ಬಿಟ್ಟನೋ ನಾನು ಗಮನಿಸಲಿಲ್ಲ. ಎಂಟು ವರ್ಷ ದಿನಕ್ಕೆರಡು ಸಲ ಆ ಬೋರ್ಡಿನ ಕೆಳಗೇ ಶಾಲೆಗೆ ಹೋಗಿ ಬಂದೆ. ತನ್ನ ಮಿತಿ ತಿಳಿದ ಮನುಷ್ಯ ಎಂದು ಸ್ಟಾಫ್ ರೂಮಿನಲ್ಲಿ ಅವನನ್ನು ಹೊಗಳಿದ್ದೂ ಉಂಟು.

ಎಣ್ಣೆಯ ಬಟ್ಟಲನ್ನು ಒಳಗಿಟ್ಟು ಬಂದೆ. ಹೆಂಡತಿಗೆ ಹೇಳಿದೆ. ಹೂ ಕಟ್ಟುತ್ತಿದ್ದವಳು ದಾರವನ್ನು ಕೆಳಗಿಟ್ಟಳು. "ಅಣ್ಣಂಗೆ ನೀವೇ ಹೇಳ್ಬೇಕು, ನಾನು ಹೇಳಲ್ಲ" ಎಂದಳು. ಮೊದಲು ಹೇಳಬೇಕಾದದ್ದು ಅಣ್ಣನಿಗಲ್ಲ ಎಂದು ನನಗೆ ಅನ್ನಿಸಿತು. ನಡೆದುಕೊಂಡೇ ಪೇಟೆಗೆ ಹೋದೆ.

ತಿಮ್ಮಪ್ಪಣ್ಣನ ಪೂಜೆ ಮುಗಿದಿತ್ತು. ಸ್ಪ್ಯಾನರುಗಳು ಬಾಳೆಲೆಯ ಮೇಲೆ ಕುಂಕುಮ, ಚೆಂಡುಹೂವು ಹೊತ್ತು ಸಾಲಾಗಿ ಮಲಗಿದ್ದವು. ನನ್ನ ಕೈಗೆ ಮಂಡಕ್ಕಿಯ ಪೊಟ್ಟಣ ಕೊಟ್ಟ. ಅದನ್ನು ಹಿಡಿದುಕೊಂಡೇ ಹೇಳಿದೆ. ಅವತ್ತು ಬ್ರೇಕ್ ಹಿಡಿಯದೆ ಇದ್ದದ್ದು ನಿಮ್ಮಿಂದಲ್ಲ, ಹಿಂದಿನ ದಿನ ನಾನು ಡಿಸ್ಕಿಗೆ ಎಣ್ಣೆ ಹಚ್ಚಿದ್ದೆ ಎಂದು.

"ಯಾವ ಎಣ್ಣೆ?"

"ಕೊಬ್ಬರಿ ಎಣ್ಣೆ. ಪೂಜೆಗೆ."

"ಎರಡಕ್ಕೂವಾ?"

"ಎರಡಕ್ಕೂ. ತೂತಿನ ಒಳಗೂ."

ಅವನು ಹಳೇ ಟಯರುಗಳ ಮೇಲೆ ಕೂತುಬಿಟ್ಟ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಮೇಷ್ಟ್ರೇ, ಆ ಬೋಲ್ಟು ಬಿಗಿ ಮಾಡಿದ್ನೋ ಇಲ್ವೋ ಅಂತ ಎಂಟು ವರ್ಷದಿಂದ ನೆನಪು ಮಾಡ್ಕೊಳ್ತಾ ಇದೀನಿ. ಊಟಕ್ಕೆ ಕೂತ್ರೆ ಅದೇ. ಒಂದ್ಸಲ ಮಾಡಿದ್ದೆ ಅನ್ಸೋದು, ಒಂದ್ಸಲ ಇಲ್ಲ ಅನ್ಸೋದು."

"ಮಾಡಿದ್ರಿ" ಎಂದೆ.

"ನಿಮಗೆಂಗೆ ಗೊತ್ತು?"

ನನಗೆ ಗೊತ್ತಿರಲಿಲ್ಲ. ಅವನು ಬಾಳೆಲೆಯ ಮೇಲಿನ ಸ್ಪ್ಯಾನರುಗಳ ಕಡೆ ನೋಡಿದ. ಪೂಜೆಗಿಟ್ಟ ಆಯುಧವನ್ನು ಅಂದು ಮುಟ್ಟುವಂತಿಲ್ಲ. ನಾಳೆ ನಿಮ್ಮ ಹೊಸ ಸೈಕಲ್ ತನ್ನಿ ಎಂದ. ಅವತ್ತು ಹೇಗೆ ಮಾಡಿದ್ದೆನೋ ಹಾಗೇ ಮಾಡಿ ನೋಡುತ್ತೇನೆ ಎಂದ. ನಾನು ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಮತ್ತೊಂದು ಮಾತು ಬಂತು. "ಬೈದೋರೂ ಬರ್ಲಿ."

ಸಂಜೆ ಭಾವನಿಗೆ ಫೋನ್ ಮಾಡಿದೆ. ಎಣ್ಣೆಯ ವಿಷಯ ಹೇಳಿ, ತಿಮ್ಮಪ್ಪಣ್ಣ ಬರಹೇಳಿದ್ದನ್ನೂ ಹೇಳಿದೆ. "ನೀರು ಒಣಗ್ತದೆ ನಡಿ ಅಂದಿದ್ಯಲ್ಲೋ" ಎಂದ. ಅಷ್ಟೇ ಅಂದ. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದಿಳಿದ.

ಅಂಗಡಿಯ ಮುಂದೆ ಭಾವ ಚಹಾ ಕುಡಿಯುವವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ತಪ್ಪಾಯಿತು ಎಂದ. ಎಂಟು ವರ್ಷದ ಹಿಂದೆ ಬೈದ ದನಿ ಅದೇ, ಅಳತೆಯೂ ಅಷ್ಟೇ. ಕೈ ಮುಗಿಯಲು ಹೋದ. ಬಲಗೈ ಎದೆಯ ತನಕ ಏರಲಿಲ್ಲ. ಎಡಗೈಯೇ ಕೆಳಗಿಳಿದು ಬಂದು ಹೊಟ್ಟೆಯ ಹತ್ತಿರ ಅದನ್ನು ಕೂಡಿತು. ಅದನ್ನು ನೋಡಿ ತಿಮ್ಮಪ್ಪಣ್ಣ ಮುಖ ತಿರುಗಿಸಿದ. ಒಂದು ಬಟ್ಟಲು ಎಣ್ಣೆಯಿಂದ ನಾನು ಎರಡು ಜನರ ಕೈ ಕೆಡಿಸಿದ್ದೆ.

ತಿಮ್ಮಪ್ಪಣ್ಣ ನನ್ನ ಹೊಸ ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿದ. ಕೈಯನ್ನು ಸೋಪು ಹಾಕಿ ತೊಳೆದು, ಒಣಬಟ್ಟೆಯಲ್ಲಿ ಬೆರಳು ಬೆರಳು ಒರೆಸಿಕೊಂಡ. ಸಾಗರದ ಅಂಗಡಿಯವರು ಸರಿಯಾಗಿಯೇ ಕಟ್ಟಿದ್ದ ಬ್ರೇಕನ್ನು ಪೂರ್ತಿ ಬಿಚ್ಚಿದ. ಮೊದಲ ಬೋಲ್ಟು ಕೂರಿಸುವಾಗ ಸ್ಪ್ಯಾನರು ಎರಡು ಸಲ ಜಾರಿತು. ಮೂರನೇ ಸಲ ಹಿಡಿಯಿತು. ಬಿಗಿ ಮಾಡುವಾಗ ಅವನು ಕಣ್ಣು ಮುಚ್ಚಿಕೊಂಡಿದ್ದ.

ಕೆಲಸ ಮುಗಿದ ಮೇಲೆ ನಾನು ಹ್ಯಾಂಡಲ್ ಹಿಡಿಯಲು ಹೋದೆ. ಅವನು ಬಿಡಲಿಲ್ಲ. ಪಂಚೆ ಎತ್ತಿ ಕಟ್ಟಿ, ಅರವತ್ತು ದಾಟಿದ ಮನುಷ್ಯ, ತಾನೇ ಹತ್ತಿ ಇಳಿಜಾರಿಗೆ ಬಿಟ್ಟ. ಭಾವ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡ. ಸೈಕಲ್ ಓಡಿತು, ಓಡಿತು, ಚರಂಡಿಯ ತಿರುವು ಹತ್ತಿರ ಬಂತು. ಟಯರು ಜಲ್ಲಿಯ ಮೇಲೆ ಚರ್ರೆಂದಿತು. ಸೈಕಲ್ ನಿಂತಿತ್ತು. ಅವನು ಒಂದು ಕಾಲು ನೆಲಕ್ಕೂರಿ ಬಹಳ ಹೊತ್ತು ಅಲ್ಲೇ ನಿಂತಿದ್ದು, ಆಮೇಲೆ ತಳ್ಳಿಕೊಂಡು ಮೇಲೆ ಬಂದ.

"ಹಿಡೀತದೆ" ಎಂದ. ನಮಗಲ್ಲ. ತನ್ನ ಅಂಗೈ ನೋಡಿಕೊಂಡು ಹೇಳಿದ.

ನಾನು ಒಂದು ಬಟ್ಟೆಗೆ ಪೆಟ್ರೋಲ್ ಕೊಡಿ, ಆ ಬೋರ್ಡು ಒರೆಸುತ್ತೇನೆ ಎಂದೆ. ಸ್ಟೂಲು ಎಳೆದೂ ಆಗಿತ್ತು.

"ಬೇಡ ಮೇಷ್ಟ್ರೇ" ಎಂದ. "ನೀವು ಒರೆಸೋದು ಸಾಕು. ಅದು ನಾನು ಬರ್ದಿದ್ದು, ನಾನೇ ಅಳಸ್ತೀನಿ."

ಯಾವಾಗ ಎಂದು ಹೇಳಲಿಲ್ಲ, ಕೇಳುವ ಮುಖ ನನಗೂ ಇರಲಿಲ್ಲ. ಈಗ ಶಾಲೆಗೆ ಸೈಕಲ್ಲಿನಲ್ಲೇ ಹೋಗುತ್ತೇನೆ. ಅಂಗಡಿಯ ಹತ್ತಿರ ಬಂದಾಗ ಇಳಿದು, ತಳ್ಳಿಕೊಂಡು, ತಲೆ ಎತ್ತಿ ನೋಡುತ್ತೇನೆ. ಇವತ್ತು ಬೆಳಿಗ್ಗೆಯೂ ಬೋರ್ಡು ಅಲ್ಲೇ ಇತ್ತು.