ಅಂಜಿನಮ್ಮನ ಮೇಸ್ತ್ರಿಗಿರಿ

ನಮ್ಮ ಬೀದಿಯ ಯಾವ ಮನೆಯ ಗುಟ್ಟೂ ಅಂಜಿನಮ್ಮನಿಗೆ ಗೊತ್ತಿಲ್ಲದೆ ಉಳಿದಿರಲಿಲ್ಲ. ಗಾಂಧಿ ಬಜಾರಿನ ಹಿಂದಿನ ನಾಲ್ಕು ಬೀದಿ ಗುಡಿಸುತ್ತಿದ್ದ ಅವರು ನಮ್ಮ ಕಸದ ಬುಟ್ಟಿ ನೋಡಿ, ನಡುಬೀದಿಯಲ್ಲೇ ಕೇಳುತ್ತಿದ್ದರು: "ಸಾರ್, ಶುಗರ್ ಅಂತೀರಾ, ಈ ಮೈಸೂರ್ ಪಾಕ್ ಡಬ್ಬ ಯಾರ್ದು?" ಹೆಂಡತಿ ಬಾಗಿಲಲ್ಲೇ ನಿಂತಿರುತ್ತಿದ್ದಳು. ಆಮೇಲೆ ನನ್ನ ಪಾಡು ಕೇಳಬೇಡಿ.

ಇಲ್ಲಿಯ ಪೌರಕಾರ್ಮಿಕರೆಲ್ಲ ಹೆಂಗಸರು. ಅವರ ಮೇಲೊಬ್ಬ ಮೇಸ್ತ್ರಿ. ಅದು ಗಂಡಸಿನದೇ ಹುದ್ದೆ ಎಂದು ಯಾವ ಮಹಾನುಭಾವ ತೀರ್ಮಾನಿಸಿದ್ದನೋ. ನಮ್ಮ ಮೇಸ್ತ್ರಿ ಸ್ಕೂಟರಿನಿಂದ ಇಳಿದವನೇ ಅಲ್ಲ. ಗುಡಿಸಿದ ರಸ್ತೆಯ ಫೋಟೊ ಹೊಡೆದು ಆಫೀಸಿಗೆ ಕಳಿಸುವುದೇ ಅವನ ದುಡಿಮೆ. "ಸ್ವಲ್ಪ ಸೈಡಿಗ್ ಹೋಗಮ್ಮ, ರಸ್ತೆ ಮಾತ್ರ ಬರ್ಲಿ" ಎನ್ನುತ್ತಿದ್ದ. ಅಂಜಿನಮ್ಮ ಪಕ್ಕಕ್ಕೆ ಸರಿಯುತ್ತಿದ್ದರು.

ಆಯುಧಪೂಜೆಯ ಮರುದಿನ ಅವರನ್ನು ನೋಡಬೇಕಿತ್ತು. ನಾವೆಲ್ಲ ಗಾಡಿಗಳ ಮುಂದೆ ಬೂದುಗುಂಬಳ ಒಡೆದು, ಹೋಳಿಗೆ ತಿಂದು ಮಲಗಿರುತ್ತಿದ್ದೆವು. ಬೀದಿ ತುಂಬ ಕುಂಕುಮದ ಲೋಳೆ. ಅಂಜಿನಮ್ಮ ಐದಕ್ಕೇ ಬಂದು, ಯಾವ ಬೀದಿಗೆ ಯಾರು ಎಂದು ಹಂಚುವುದು ನನ್ನ ಹಾಸಿಗೆಗೇ ಕೇಳುತ್ತಿತ್ತು. "ಹಾಲಿನ ಗಾಡಿ ತಿರುಗೋ ಕಡೆ ಮೊದ್ಲು ಮಣ್ಣು ಹಾಕ್ರೇ. ದೇವ್ರು ಕಾಪಾಡ್ಲಿ ಅಂತ ಇವ್ರು ಒಡೀತಾರೆ, ಜಾರಿ ಬಿದ್ರೆ ನಮ್ಮನ್ನ ಬೈತಾರೆ." ಮೇಸ್ತ್ರಿ ಎಂಟಕ್ಕೆ ಬರುತ್ತಿದ್ದ.

ಹೋದ ವರ್ಷ ಅವನು ನಿವೃತ್ತನಾದ. ಅಂಜಿನಮ್ಮ ಮೊದಲ ಸಲ ನಮ್ಮ ಗೇಟು ದಾಟಿ ಒಳಗೆ ಬಂದರು. "ಸಾರ್, ನೀವು ಬೀದಿ ಸಂಘದ ಸೆಕ್ರೆಟ್ರಿ. ಮೇಸ್ತ್ರಿ ಕೆಲ್ಸ ಇಷ್ಟು ವರ್ಷ ಮಾಡಿದ್ದು ನಾನೇ ಅಂತ ಒಂದ್ ಲೆಟರ್ ಬರ್ಕೊಡಿ. ಆಫೀಸಲ್ಲಿ ಹೆಂಗಸ್ರಿಗೆ ಆಗಲ್ಲ ಅಂತಿದಾರೆ."

ಎರಡು ಪುಟ ಬರೆದೆ. ನನ್ನ ಗದ್ಯಕ್ಕೆ ನಾನೇ ಮರುಳಾಗಿ, ಅವರ ಜೊತೆ ಆಫೀಸಿಗೂ ಹೋದೆ.

ಸಾಹೇಬರು ಓದಿ ನೋಡಿ, ಫೈಲಿನಿಂದ ಒಂದು ಕಟ್ಟು ತೆಗೆದರು. ಪ್ರತಿ ಆಯುಧಪೂಜೆಯ ನಂತರ ಸಂಘ ಕಳಿಸಿದ್ದ ಅಭಿನಂದನಾ ಪತ್ರಗಳು. 'ಮೇಸ್ತ್ರಿಯವರ ದಕ್ಷ ನೇತೃತ್ವದಲ್ಲಿ' ಎಂದು ಎಲ್ಲದರಲ್ಲೂ ಇತ್ತು. ಕೆಳಗೆ ನನ್ನ ಸಹಿ. ಕೆಲಸ ಯಾರದೇ ಆಗಲಿ, ಶ್ರೇಯವನ್ನು ದೊಡ್ಡವರ ಹೆಸರಿಗೆ ಬರೆಯುವುದೇ ಮರ್ಯಾದೆ ಎಂದುಕೊಂಡಿದ್ದ ಜಾಣ ನಾನು.

"ಎಲ್ಲಾ ಮೇಸ್ತ್ರಿನೇ ಮಾಡಿದ್ರು ಅಂತ ನೀವೇ ಬರ್ದಿದೀರಲ್ಲ ಸಾರ್. ಯಾವ್ದು ಸುಳ್ಳು?"

ನಾನು ನನ್ನ ಎರಡು ಪುಟ ಮಡಿಸಿ ಜೇಬಿಗಿಟ್ಟು, ಸಾಹೇಬರಿಗೆ ನಮಸ್ಕಾರ ಹೇಳಿ ಎದ್ದುಬಂದೆ.

ಆ ಜಾಗಕ್ಕೆ ಹೊಸ ಗಂಡಸೊಬ್ಬ ಬಂದ. ಅಂಜಿನಮ್ಮ ಮಾವಳ್ಳಿ ಕಡೆಗೆ ವರ್ಗ ಹಾಕಿಸಿಕೊಂಡು ಹೊರಟುಹೋದರು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಅಂದು, ಆಫೀಸಿನ ಮೆಟ್ಟಿಲ ಮೇಲೆ. ನನಗೆ ನಿಜಕ್ಕೂ ನಾಚಿಕೆಯಾಗಿತ್ತು. ತಪ್ಪಾಯಿತು ಎಂದೆ.

"ಕೆಲ್ಸ ಮಾಡ್ತಿದ್ದೋಳು ಯಾರು ಅಂತ ನಿಮಗ್ ಗೊತ್ತಿತ್ತಲ್ವಾ ಸಾರ್?"

"ಗೊತ್ತಿತ್ತು."

"ಒಳಗ್ ಹೇಳ್ಬೇಕಾದ್ದನ್ನ ಇಲ್ಲಿ ಹೊರಗ್ ಬಂದು ಹೇಳ್ತಿದೀರಲ್ಲ" ಎಂದು ನಕ್ಕು, ಅಂಜಿನಮ್ಮ ಮೆಟ್ಟಿಲಿಳಿದು ಹೋದರು.